‘ಟೇಲ್’ ಎಂದರೆ ಬಾಲ ಮಾತ್ರವೇ?

ಪ್ರಶ್ನೆ: ಇಂಗ್ಲಿಷಿನ ‘ಟೇಲ್’ ಪದಕ್ಕೆ ಬಾಲ ಎಂಬುದಲ್ಲದೆ ಬೇರೆ ಅರ್ಥಗಳೂ ಇವೆಯೇ?

ಉತ್ತರ: ಇವೆ. ಕ್ರಿಯಾಪದವಾಗಿ ಬಂದಾಗ ಅದು ಒಬ್ಬರನ್ನು ಗುಟ್ಟಾಗಿ ಹಿಂಬಾಲಿಸುವುದನ್ನು ಸೂಚಿಸುತ್ತದೆ. ‘ಟರ್ನ್ ಟೇಲ್’ ಎಂದರೆ ಬೆನ್ನು ತೋರಿಸಿ ಓಡುವುದು. ‘ಟೇಲ್ ಆಫ್’ ಎಂದರೆ ಕ್ರಮೇಣ ಕ್ಷೀಣಿಸುವುದು. ಸೋತವನು ಕಾಲುಗಳ ನಡುವೆ ಬಾಲವಿಟ್ಟುಕೊಂಡು ಹೋದನೆಂಬ ಅವರ ನುಡಿಗಟ್ಟನ್ನು ಪದಶಃ ಅನುವಾದಿಸಬೇಕಾಗಿಲ್ಲ, ಏಕೆಂದರೆ ‘ಬಾಲ ಮುದುರಿಕೊಂಡು ಹೋದ’ ಎಂಬ ನಮ್ಮದೇ ಮಾತು ಅದೇ ಚಿತ್ರವನ್ನು ಕಟ್ಟಿಕೊಡುತ್ತದೆ. ಆದರೆ ‘ಬಾಲ ಬಿಚ್ಚಬೇಡ’ ಎಂಬ ನಮ್ಮ ಗದರಿಕೆಯನ್ನು ಇಂಗ್ಲಿಷಿಗೆ ತರುವಾಗ ‘ಟೇಲ್’ ನೆರವಿಗೆ ಬಾರದು. ಕ್ರಿಕೆಟ್ಟಿನಲ್ಲಿ ಕೊನೆಯಲ್ಲಿ ಬ್ಯಾಟಿಂಗಿಗೆ ಇಳಿಯುವ ‘ಟೇಲೆಂಡರ್’ಗೆ ಕನ್ನಡ ಪತ್ರಿಕೆಗಳು ಬಳಸುವ ‘ಬಾಲಂಗೋಚಿ’, ಗಾಳಿಪಟಕ್ಕೆ ಕಟ್ಟುವ ಬಾಲದ ನೆನಪನ್ನೂ ಹೊತ್ತು ತರುವುದರಿಂದ, ನನಗೆ ಮೂಲಕ್ಕಿಂತಲೂ ಸೊಗಸಾಗಿ ಕಾಣುತ್ತದೆ.