ಲೋಡ್ ಹಾಕಿದ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್ ಉಳಿಯಬೇಕಾದರೆ

‘ಅಡ್ವೆಂಚರ್ ಬೈಕಿಗೆ ಮೂರು ಬಾಕ್ಸ್ ತುಂಬಿಕೊಂಡು, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಎರಡು ವಾರ ಮಣ್ಣಿನ ರಸ್ತೆಯಲ್ಲಿ ಹೋಗಬೇಕು. ಪ್ರಿಲೋಡ್ ಪೂರ್ತಿ ಟೈಟ್ ಮಾಡಿದರೆ ಹಿಂದಿನ ಸಸ್ಪೆನ್ಷನ್ ತಡೆಯುತ್ತಾ?’ ಅಂತ ಕೇಳಿದ್ದೀರಿ.

ಪ್ರಿಲೋಡ್ ಅಂದರೆ ಶಾಕ್‌ನ ಸ್ಪ್ರಿಂಗನ್ನು ಮೊದಲೇ ಒಂದಿಷ್ಟು ಒತ್ತಿಡುವ ಅಡ್ಜಸ್ಟ್‌ಮೆಂಟ್. ಅದೊಂದರಿಂದಲೇ ತಡೆಯಲ್ಲ. ನಾನೂ ಹಾಗೇ ಅಂದುಕೊಂಡು ಹೊರಟವನು. ಮೂರನೇ ದಿನ ಮಧ್ಯಾಹ್ನ, ತಗಡಿನ ಶೀಟಿನ ಹಾಗೆ ಅಲೆ ಅಲೆಯಾಗಿದ್ದ ಮಣ್ಣಿನ ರಸ್ತೆ. ಬೆಳಗ್ಗೆಯಿಂದ ಚೆನ್ನಾಗಿಯೇ ಓಡುತ್ತಿದ್ದ ಬೈಕಿನ ಹಿಂಭಾಗ ದೋಣಿಯ ಥರ ತೇಲಾಡಲು ಶುರುವಾಯಿತು. ಒಂದು ಉಬ್ಬು ದಾಟಿದರೆ ಮೂರು ಸಲ ಮೇಲೆ ಕೆಳಗೆ. ನಿಲ್ಲಿಸಿ ಬಗ್ಗಿ ನೋಡಿದೆ. ಹೊಳೆಯುತ್ತಿರಬೇಕಾದ ಶಾಕ್ ರಾಡ್‌ಗೆ ಎಣ್ಣೆ, ಎಣ್ಣೆಗೆ ಧೂಳು ಅಂಟಿ ಕಪ್ಪು ಪೇಸ್ಟ್ ಆಗಿತ್ತು. ಹಿಂದಿನ ಚಕ್ರವನ್ನು ಹಿಡಿದಿರುವ ತೋಳು, ಅಂದರೆ ಸ್ವಿಂಗ್ ಆರ್ಮ್ ಮೇಲೆ ಹನಿ ಹನಿ ಆಯಿಲ್. ಶಾಕ್ ಬಾಡಿಗೆ ಬೆರಳು ಇಟ್ಟೆ, ಚುರ್ ಅಂತು. ಪ್ರಿಲೋಡ್ ಎಷ್ಟಿತ್ತು ಅಂತೀರಾ? ಕೊನೆಯವರೆಗೆ ಟೈಟ್.

ಹಿಂದಿನ ಶಾಕ್‌ನಲ್ಲಿ ಇಬ್ಬರು ಕೆಲಸಗಾರರು ಇದ್ದಾರೆ ಅಂದುಕೊಳ್ಳಿ. ಸ್ಪ್ರಿಂಗ್ ತೂಕ ಹೊರುತ್ತದೆ. ಒಳಗಿರುವ ಡ್ಯಾಂಪರ್ ಆ ಸ್ಪ್ರಿಂಗ್ ಕುಣಿಯದಂತೆ ಹಿಡಿದುಕೊಳ್ಳುತ್ತದೆ. ಡ್ಯಾಂಪರ್ ಅಂದರೆ ಸಣ್ಣ ಸಣ್ಣ ದಾರಿಗಳಲ್ಲಿ ಆಯಿಲ್ ನುಗ್ಗಿಸುವ ಪಿಸ್ಟನ್, ಅಷ್ಟೇ. ಚಕ್ರದ ಕುಣಿತವನ್ನೆಲ್ಲ ಅದು ಬಿಸಿಯಾಗಿ ಬದಲಿಸುತ್ತದೆ. ಬಿಸಿ ಏರಿದಷ್ಟೂ ಆಯಿಲ್ ನೀರಿನ ಥರ ತೆಳುವಾಗುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಹಿಡಿತ ಹೋದ ಮೇಲೆ ಶಾಕ್ ತಳ ಮುಟ್ಟಿ ಬಡಿಯುತ್ತದೆ. ಆಯಿಲ್ ಹೊರಬರದಂತೆ ತಡೆಯುವ ಸೀಲ್, ತಳದ ಏಟು ತಡೆಯುವ ಬಂಪ್ ಸ್ಟಾಪ್ ರಬ್ಬರ್, ಶಾಕ್ ಅನ್ನು ಸ್ವಿಂಗ್ ಆರ್ಮ್‌ಗೆ ಜೋಡಿಸುವ ಲಿಂಕೇಜ್‌ನ ಬೇರಿಂಗ್, ಕೊನೆಗೆ ಸೀಟು, ಲಗೇಜ್ ಹೊರುವ ಸಬ್‌ಫ್ರೇಮ್, ಹೀಗೆ ಒಂದರ ಹಿಂದೆ ಒಂದು ಏಟು ತಿನ್ನುತ್ತವೆ.

ಪ್ರಿಲೋಡ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಕುಗ್ಗಿ ಕೂತಿದ್ದ ಬೈಕ್ ಮೇಲಕ್ಕೆ ಏಳುತ್ತದೆ, ಅಷ್ಟೇ. ಸ್ಪ್ರಿಂಗ್ 1 ಮಿ.ಮೀ. ಕುಗ್ಗಲು 100 ನ್ಯೂಟನ್ ಬೇಕಿದ್ದರೆ, ಪ್ರಿಲೋಡ್ ಪೂರ್ತಿ ಏರಿಸಿದ ಮೇಲೂ ಮುಂದಿನ ಪ್ರತಿ ಮಿ.ಮೀ.ಗೆ ಅದೇ 100 ನ್ಯೂಟನ್. ಪ್ರಯೋಜನವೇ ಇಲ್ಲ ಅಂತಲ್ಲ. ಬೈಕ್ ಎದ್ದು ನಿಂತರೆ ಗುಂಡಿ ನುಂಗಲು ಕೆಳಗೆ ಜಾಗ ಸಿಗುತ್ತದೆ. ಆದರೆ ಸಾಫ್ಟ್ ಸ್ಪ್ರಿಂಗ್ ಸಾಫ್ಟ್ ಆಗಿಯೇ ಉಳಿಯುತ್ತದೆ. ಬಟನ್ ಒತ್ತಿ ‘ಇಬ್ಬರು, ಜೊತೆಗೆ ಲಗೇಜ್’ ಅನ್ನುವ ಚಿತ್ರ ಆರಿಸುವ ಎಲೆಕ್ಟ್ರಾನಿಕ್ ಸಸ್ಪೆನ್ಷನ್ ಇದ್ದರೂ ಸ್ಪ್ರಿಂಗ್‌ನ ಮಟ್ಟಿಗೆ ಕಥೆ ಇದೇ. ಕೈಯಲ್ಲಿ ತಿರುಗಿಸುವುದನ್ನು ಮೋಟಾರ್ ತಿರುಗಿಸುತ್ತದೆ.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ತಕ್ಕಡಿ ಹಿಡಿಯಿರಿ. ಮ್ಯಾನ್ಯುವಲ್‌ನಲ್ಲಿ ಬೈಕ್, ಜನ, ಸಾಮಾನು ಎಲ್ಲ ಸೇರಿ ಗರಿಷ್ಠ ಇಷ್ಟು ತೂಕ ಅಂತ ಒಂದು ಅಂಕಿ ಇರುತ್ತದೆ. ಅದರಲ್ಲಿ ಬೈಕಿನ ತೂಕ ಕಳೆಯಿರಿ. ಗರಿಷ್ಠ 430 ಕೆಜಿ, ಬೈಕ್ 230 ಕೆಜಿ ಅಂದುಕೊಳ್ಳೋಣ. ಉಳಿದದ್ದು 200. ಜಾಕೆಟ್, ಹೆಲ್ಮೆಟ್, ಬೂಟು ಸೇರಿ ನೀವು 90, ಹಿಂದೆ ಕೂರುವವರು 70. ಇನ್ನು 40 ಇದೆ. ಖಾಲಿ ಅಲ್ಯೂಮಿನಿಯಂ ಬಾಕ್ಸ್ ಮೂರು, ಅವುಗಳ ರ‍್ಯಾಕ್, ಕ್ರ್ಯಾಶ್ ಗಾರ್ಡ್ ಎಲ್ಲ ಸೇರಿ 20 ಕೆಜಿ ದಾಟುವುದು ಏನೂ ಕಷ್ಟವಲ್ಲ. ಟೆಂಟ್, ಬಟ್ಟೆ, ಟೂಲ್ಸ್, ನೀರು ಎಲ್ಲಕ್ಕೂ ಉಳಿದದ್ದು 20! ಬೈಕಿನ ತೂಕಕ್ಕೆ ಪೆಟ್ರೋಲ್ ಸೇರಿದೆಯಾ ಅಂತಲೂ ನೋಡಿ. ಸೇರಿಲ್ಲದಿದ್ದರೆ 20 ಲೀಟರ್ ಟ್ಯಾಂಕ್ ಅಂದರೆ ಇನ್ನೂ 15 ಕೆಜಿ ಹೋಯಿತು. ಮನೆಯ ತೂಕದ ಮಷೀನ್ ಮೇಲೆ ಬ್ಯಾಗ್ ಹಿಡಿದು ಒಂದು ಸಲ, ಬರಿಗೈಲಿ ಒಂದು ಸಲ ನಿಲ್ಲಿ. ನಾನು ಹಾಗೆ ತೂಗಿದ್ದು ಶಾಕ್ ಹೋದ ಮೇಲೆ. ಮಿತಿಗಿಂತ 27 ಕೆಜಿ ಜಾಸ್ತಿ ಹೊತ್ತಿದ್ದೆ. ಅದರಲ್ಲಿ ಅರ್ಧ ಸಾಮಾನು ಒಂದು ಸಲವೂ ಬ್ಯಾಗಿನಿಂದ ಹೊರಗೆ ಬಂದಿರಲಿಲ್ಲ.

ಎಷ್ಟು ತೂಕ ಅನ್ನುವಷ್ಟೇ ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. ಎರಡು ಚಕ್ರಗಳ ನಡುವೆ 1500 ಮಿ.ಮೀ. ಅಂತರ ಇರುವ ಬೈಕಿನಲ್ಲಿ, ಹಿಂದಿನ ಆಕ್ಸಲ್‌ಗಿಂತ 300 ಮಿ.ಮೀ. ಹಿಂದಕ್ಕೆ 10 ಕೆಜಿ ಕಟ್ಟಿದರೆ ಹಿಂದಿನ ಚಕ್ರದ ಮೇಲೆ ಬೀಳುವುದು 12 ಕೆಜಿ. ಆ ಎರಡು ಕೆಜಿ ಮುಂದಿನ ಚಕ್ರದಿಂದ ಕಿತ್ತುಕೊಂಡದ್ದು. ಹಿಂಭಾಗ ಕುಸಿಯಿತು, ಮುಂಭಾಗ ಹಗುರವಾಯಿತು, ಸ್ಟೀರಿಂಗ್ ಅಲುಗಾಡಲು ಇಷ್ಟು ಸಾಕು. ಗುಂಡಿಗೆ ಬಿದ್ದಾಗ ಅದೇ 10 ಕೆಜಿ ಸಬ್‌ಫ್ರೇಮ್ ಅನ್ನು ಸನ್ನೆಗೋಲಿನ ಥರ ಮೀಟುತ್ತದೆ. ಟಾಪ್ ಬಾಕ್ಸ್‌ನಲ್ಲಿ ಸ್ಲೀಪಿಂಗ್ ಬ್ಯಾಗ್, ಜಾಕೆಟ್ ಥರದ ಹಗುರ ವಸ್ತು ಮಾತ್ರ ಇಡಿ. ಟೂಲ್ಸ್, ಟ್ಯೂಬ್, ನೀರು ಇಂಥ ಭಾರವನ್ನೆಲ್ಲ ಸೈಡ್ ಬ್ಯಾಗಿನ ತಳದಲ್ಲಿ, ಆದಷ್ಟು ಮುಂದಕ್ಕೆ ಇಡಿ. ಕ್ರ್ಯಾಶ್ ಗಾರ್ಡ್‌ಗೆ ಕಟ್ಟುವ ಸಣ್ಣ ಬ್ಯಾಗ್‌ಗಳು ಇದಕ್ಕೆ ಬಹಳ ಒಳ್ಳೆಯವು. ನನ್ನನ್ನು ಕೇಳಿದರೆ, ಮಣ್ಣಿನ ರಸ್ತೆಗೆ ಟಾಪ್ ಬಾಕ್ಸ್ ಬೇಡವೇ ಬೇಡ. ಬಿಚ್ಚಿ ಮನೆಯಲ್ಲಿಡಿ.

ಈಗ ಸ್ಯಾಗ್. ಅಂದರೆ ತೂಕ ಬಿದ್ದಾಗ ಬೈಕ್ ಎಷ್ಟು ಕುಸಿಯುತ್ತದೆ ಅನ್ನುವ ಅಳತೆ. ಅಳತೆ ಟೇಪ್ ಹಿಡಿಯಲು ಇನ್ನೊಬ್ಬರು ಬೇಕು. ಹಿಂದಿನ ಆಕ್ಸಲ್‌ಗೆ ನೇರ ಮೇಲೆ ಬಾಡಿಯ ಮೇಲೆ ಎಲ್ಲಾದರೂ ಅಂಟು ಟೇಪ್ ಹಚ್ಚಿ ಗುರುತು ಮಾಡಿ. ಚಕ್ರ ನೆಲ ಬಿಟ್ಟು ಎದ್ದಿರುವಾಗ ಆಕ್ಸಲ್‌ನಿಂದ ಗುರುತಿನವರೆಗೆ ಅಳೆಯಿರಿ, 600 ಮಿ.ಮೀ. ಬಂತು ಅನ್ನಿ. ಆಮೇಲೆ ಪೂರ್ತಿ ಲಗೇಜ್ ಹಾಕಿ, ಟ್ಯಾಂಕ್ ತುಂಬಿಸಿ, ಜಾಕೆಟ್, ಹೆಲ್ಮೆಟ್ ಹಾಕಿಕೊಂಡೇ ಇಬ್ಬರೂ ಕೂತು, ಎರಡು ಮೂರು ಸಲ ಸೀಟಿನ ಮೇಲೆ ಕುಲುಕಿ ಮತ್ತೆ ಅಳೆಯಿರಿ. 535 ಬಂದರೆ ಕುಸಿತ 65. ಹಿಂದಿನ ಚಕ್ರದ ಒಟ್ಟು ಚಲನೆ 200 ಮಿ.ಮೀ. ಇರುವ ಬೈಕಿಗೆ ಇದು ಸರಿಸುಮಾರು ಮೂರನೇ ಒಂದು ಭಾಗ, ಸರಿಯಾಗಿದೆ. ಪ್ರಿಲೋಡ್ ತಿರುಗಿಸಬೇಕಾದ್ದು ಈ ಅಂಕಿ ಬರುವವರೆಗೆ.

ಪ್ರಿಲೋಡ್ ಕೊನೆ ಮುಟ್ಟಿದರೂ ಕುಸಿತ 85, 90ರಲ್ಲೇ ನಿಂತಿದ್ದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಸಾಲುತ್ತಿಲ್ಲ ಅಂತ ಅರ್ಥ. 65ಕ್ಕೆ ತಂದಿದ್ದೀರಿ, ಆದರೆ ಇಬ್ಬರೂ ಇಳಿದ ಕೂಡಲೇ ಬೈಕ್ ಪೂರ್ತಿ ಮೇಲಕ್ಕೆ ಹೋಗಿ, ಸ್ವಂತ ತೂಕಕ್ಕೆ ಒಂದಿಷ್ಟೂ ಕುಸಿಯದೆ ನಿಂತರೂ ಅದೇ ಅರ್ಥ. ಆಗ ಒಂದೋ ತೂಕ ಇಳಿಸಬೇಕು, ಇಲ್ಲ ಗಟ್ಟಿ ಸ್ಪ್ರಿಂಗ್ ಹಾಕಿಸಬೇಕು. ಹೊಸ ಶಾಕ್‌ಗಿಂತ ಸ್ಪ್ರಿಂಗ್ ಒಂದನ್ನೇ ಬದಲಿಸುವುದು ಕಡಿಮೆ ಖರ್ಚಿನ ದಾರಿ. ತೂಕ ಎಷ್ಟು ಅಂತ ಸರಿಯಾಗಿ ಹೇಳಿದರೆ ಸಸ್ಪೆನ್ಷನ್ ಕೆಲಸ ಮಾಡುವವರು ಯಾವ ಸ್ಪ್ರಿಂಗ್ ಬೇಕು ಅಂತ ಲೆಕ್ಕ ಹಾಕಿಕೊಡುತ್ತಾರೆ. ಸುಳ್ಳು ತೂಕ ಹೇಳಬೇಡಿ. ನಾಚಿಕೆಗೆ 8 ಕೆಜಿ ಕಡಿಮೆ ಹೇಳಿದ ಗೆಳೆಯ ಒಬ್ಬ ಇದ್ದಾನೆ, ಮತ್ತೆ ಸ್ಪ್ರಿಂಗ್ ಬದಲಿಸಬೇಕಾಯಿತು. ಹೊಸ ಶಾಕ್ ತೆಗೆದುಕೊಳ್ಳುವುದೇ ಆದರೆ ಪಕ್ಕದಲ್ಲಿ ಪ್ರತ್ಯೇಕ ಆಯಿಲ್ ಡಬ್ಬಿ ಇರುವುದನ್ನು ನೋಡಿ. ಆಯಿಲ್ ಜಾಸ್ತಿ ಹಿಡಿಯುತ್ತದೆ, ಹಾಗಾಗಿ ಬಿಸಿಯಾಗುವುದು ನಿಧಾನ.

ಒಂದು ವಿಷಯ ನೆನಪಿರಲಿ. ಬಹಳ ಬೈಕ್‌ಗಳಲ್ಲಿ ಚಕ್ರ ಸುಮಾರು 3 ಮಿ.ಮೀ. ಚಲಿಸಿದರೆ ಶಾಕ್ ಕುಗ್ಗುವುದು ಸುಮಾರು 1 ಮಿ.ಮೀ. ಅಂದರೆ ಚಕ್ರದ ಮೇಲೆ ಬಿದ್ದ ಭಾರ ಶಾಕ್ ಮೇಲೆ ಮೂರು ಪಟ್ಟಾಗಿ ಕೂರುತ್ತದೆ. ಹಿಂದಿನ ಚಕ್ರದ ಮೇಲೆ ಬೀಳುವ ಹೆಚ್ಚುವರಿ 10 ಕೆಜಿ ಆ ಬಡಪಾಯಿಗೆ 30 ಕೆಜಿ.

ಒತ್ತಿಕೊಂಡ ಶಾಕ್ ಎಷ್ಟು ಬೇಗ ವಾಪಸ್ ಏಳಬೇಕು ಅಂತ ಹಿಡಿತದಲ್ಲಿಡುವ ರಿಬೌಂಡ್ ಅನ್ನುವ ಸ್ಕ್ರೂ ಇದ್ದರೆ ಅದನ್ನೂ ಮುಟ್ಟಬೇಕು. ಜಾಸ್ತಿ ಒತ್ತಿಕೊಂಡ ಸ್ಪ್ರಿಂಗ್ ಜಾಸ್ತಿ ಜೋರಾಗಿ ಒದೆಯುತ್ತದೆ. ಈಗ ಎಲ್ಲಿದೆ ಅಂತ ಮೊದಲು ಬರೆದಿಟ್ಟುಕೊಳ್ಳಿ: ಮೆತ್ತಗೆ ಪೂರ್ತಿ ಬಲಕ್ಕೆ ತಿರುಗಿಸುತ್ತಾ ಕ್ಲಿಕ್ ಎಣಿಸಿ, ಅಷ್ಟೇ ಕ್ಲಿಕ್ ವಾಪಸ್ ತನ್ನಿ. ಆಮೇಲೆ ಒಂದು ಸಲಕ್ಕೆ ಒಂದೆರಡು ಕ್ಲಿಕ್ ಟೈಟ್ ಮಾಡಿ ಓಡಿಸಿ ನೋಡಿ. ಸೀಟನ್ನು ಕೆಳಕ್ಕೆ ಒತ್ತಿ ಬಿಟ್ಟಾಗ ಹಿಂಭಾಗ ಒಂದೇ ಸಲ ಮೇಲೆ ಬಂದು ನಿಲ್ಲಬೇಕು, ಮತ್ತೆ ತೂಗಾಡಬಾರದು. ತೀರಾ ಟೈಟ್ ಮಾಡಿದರೆ ಬೇರೆ ತೊಂದರೆ. ಒಂದು ಗುಂಡಿಯಿಂದ ಚೇತರಿಸಿಕೊಳ್ಳುವ ಮೊದಲೇ ಮುಂದಿನದು ಬಂದು, ಶಾಕ್ ಮೆಟ್ಟಿಲು ಮೆಟ್ಟಿಲಾಗಿ ಕುಸಿಯುತ್ತಾ ಹೋಗುತ್ತದೆ.

ಇಷ್ಟೆಲ್ಲ ಮಾಡಿದ್ದು ಸರಿಯಾಗಿದೆಯಾ ಅಂತ ತಿಳಿಯಲು ನಾನು ಈಗ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಬಳಸುತ್ತೇನೆ. ಶಾಕ್ ರಾಡ್ ಕಣ್ಣಿಗೆ ಕಾಣುವಂತಿದ್ದರೆ, ಒರೆಸಿ, ಸಣ್ಣ ಟೈ ಒಂದನ್ನು ಜಾರುವಷ್ಟು ಸಡಿಲವಾಗಿ ಸುತ್ತಿ ಸೀಲ್‌ನ ಪಕ್ಕಕ್ಕೆ ತಳ್ಳಿ. ಲೋಡ್ ಹಾಕಿಯೇ 20 ಕಿ.ಮೀ. ಕೆಟ್ಟ ರಸ್ತೆ ಓಡಿಸಿ. ಶಾಕ್ ಎಷ್ಟು ಕುಗ್ಗಿತೋ ಅಲ್ಲಿವರೆಗೆ ಟೈ ಸರಿದು ನಿಂತಿರುತ್ತದೆ. ಇಡೀ ದಾರಿಯಲ್ಲಿ ಒಂದೋ ಎರಡೋ ಸಲ ಬಂಪ್ ಸ್ಟಾಪ್ ಹತ್ತಿರ ಹೋದರೆ ಪರವಾಗಿಲ್ಲ. ಸಾಧಾರಣ ಗುಂಡಿಗೇ ಟೈ ಬಂಪ್ ಸ್ಟಾಪ್‌ಗೆ ಒತ್ತಿಕೊಂಡಿದ್ದರೆ ಪ್ರವಾಸ ಮುಂದಕ್ಕೆ ಹಾಕಿ, ಮೊದಲು ಸ್ಪ್ರಿಂಗ್ ನೋಡಿ. ಪರೀಕ್ಷೆ ಮುಗಿದ ಮೇಲೆ ಟೈ ಕತ್ತರಿಸಿ ತೆಗೆಯಿರಿ, ಅದರಡಿ ಧೂಳು ಸೇರಿ ರಾಡ್ ಗೀಚುತ್ತದೆ.

ರಸ್ತೆಯಲ್ಲಿ ಶಾಕ್ ಕೊಲ್ಲುವುದು ದೊಡ್ಡ ಗುಂಡಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ದೊಡ್ಡ ಗುಂಡಿ ಕಾಣುತ್ತದೆ, ಬ್ರೇಕ್ ಹಾಕುತ್ತೇವೆ. ಆದರೆ ಸಣ್ಣ ಸಣ್ಣ ಅಲೆಗಳ ರಸ್ತೆ ಗಂಟೆಗಟ್ಟಲೆ ಬಿಡದೆ ಕುಲುಕಿಸುತ್ತದೆ. ಸ್ಪೀಡ್ ಏರಿಸಿದರೆ ಅಲೆಗಳ ತುದಿಯ ಮೇಲೇ ತೇಲಿಕೊಂಡು ಹೋಗಬಹುದು ಅನ್ನುವ ಮಾತಿದೆ, ನಿಜವೂ ಹೌದು. ನಿಮ್ಮ ಬೆನ್ನಿಗೆ ಆರಾಮ, ಡ್ಯಾಂಪರ್‌ಗೆ ಅಲ್ಲ. ಅದು ಒಳಗೆ ಇನ್ನೂ ವೇಗವಾಗಿ ಹೊಡೆದುಕೊಳ್ಳುತ್ತಿರುತ್ತದೆ. ಇಂಥ ರಸ್ತೆಯಲ್ಲಿ ನಾನು ಅರ್ಧ ಗಂಟೆಗೊಮ್ಮೆ ನಿಲ್ಲಿಸಿ, ಶಾಕ್ ಬಾಡಿಯ ಹತ್ತಿರ ಕೈ ಹಿಡಿದು ನೋಡುತ್ತೇನೆ. ಮುಟ್ಟಲಾಗದಷ್ಟು ಬಿಸಿ ಇದ್ದರೆ ಹತ್ತು ಹದಿನೈದು ನಿಮಿಷ ಬಿಡುವು. ಬಿಸಿ ಶಾಕ್ ಮೇಲೆ ನೀರು ಮಾತ್ರ ಸುರಿಯಬೇಡಿ. ಇನ್ನು, ಗುಂಡಿ ಬಂದಾಗ ಎದ್ದು ನಿಂತರೆ ನಿಮ್ಮ ತೂಕದ ಏಟನ್ನು ಮೊಣಕಾಲು ನುಂಗುತ್ತದೆ. ಲಗೇಜ್‌ಗೆ ಮೊಣಕಾಲಿಲ್ಲ, ಅದಕ್ಕೆ ಬೈಕ್ ಹಾರಿಸಬೇಡಿ. ಟೈರ್ ಗಾಳಿ ಲೋಡ್‌ಗೆ ಕಂಪನಿ ಹೇಳಿದಷ್ಟು ಇರಲಿ.

ಚೈನ್ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೆ ಹೇಳುತ್ತೇನೆ. ಬೈಕ್ ಕುಸಿದಾಗ ಚೈನ್ ಎಳೆಯುವ ಮುಂದಿನ ಹಲ್ಲುಚಕ್ರ (ಸ್ಪ್ರಾಕೆಟ್), ಸ್ವಿಂಗ್ ಆರ್ಮ್ ತಿರುಗುವ ಕೀಲು (ಪಿವಟ್), ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬರುತ್ತವೆ. ಚೈನ್ ಅತಿ ಬಿಗಿಯಾಗುವುದು ಆ ಹೊತ್ತಿನಲ್ಲಿ. ಖಾಲಿ ಬೈಕಿನಲ್ಲಿ ಟೈಟ್ ಆಗಿ ಕಟ್ಟಿದ ಚೈನ್, ಲೋಡ್ ಬಿದ್ದ ಮೇಲೆ ಸಸ್ಪೆನ್ಷನ್ ಚಲಿಸದಂತೆ ಎಳೆದು ಹಿಡಿಯುತ್ತದೆ, ಗೇರ್‌ಬಾಕ್ಸ್ ಬೇರಿಂಗನ್ನೂ ತಿನ್ನುತ್ತದೆ. ಇಬ್ಬರೂ ಕೂತಿರುವಾಗ ಚೈನ್ ಬೆರಳಲ್ಲಿ ಎತ್ತಿ ನೋಡಿ, ಸ್ವಲ್ಪವಾದರೂ ಸಡಿಲ ಇರಬೇಕು. ಲಿಂಕೇಜ್ ಇರುವ ಬೈಕಾದರೆ ಹೊರಡುವ ಮೊದಲು ಅದರ ಬೇರಿಂಗ್ ಬಿಚ್ಚಿಸಿ ಗ್ರೀಸ್ ಹಾಕಿಸಿ, ಆಮೇಲೆ ಪ್ರೆಶರ್ ವಾಷರ್‌ನ ನೀರನ್ನು ಅಲ್ಲಿಗೆ ನೇರ ಬಿಡಬೇಡಿ.

ಇಷ್ಟಾಗಿಯೂ ದಾರಿಯಲ್ಲಿ ಸೀಲ್ ಹೋದರೆ ಗಾಬರಿ ಬೇಡ. ಸ್ಪ್ರಿಂಗ್ ಇನ್ನೂ ತೂಕ ಹೊರುತ್ತಿರುತ್ತದೆ. ಮೊದಲು ಹಿಂದಿನ ಚಕ್ರ ಮತ್ತು ಬ್ರೇಕ್ ಡಿಸ್ಕ್ ಮೇಲೆ ಆಯಿಲ್ ಬಿದ್ದಿದೆಯಾ ನೋಡಿ ಒರೆಸಿ. ಹಿಂದಿನವರನ್ನು, ಭಾರದ ಬ್ಯಾಗನ್ನು ಬೇರೆ ಗಾಡಿಗೆ ಹತ್ತಿಸಿ. ಆಮೇಲೆ ಒಬ್ಬರೇ, ಸೈಕಲ್‌ಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ, ಡಾಂಬರು ಸಿಗುವವರೆಗೆ. ನಾನು ಹಾಗೆ 60 ಕಿ.ಮೀ. ಬಂದೆ, ಐದು ಗಂಟೆ ಹಿಡಿಯಿತು. ಶಾಕ್ ಒಳಗೆ ನೈಟ್ರೋಜನ್ ಒತ್ತಡದಲ್ಲಿ ಇರುತ್ತದೆ, ದಾರಿಯಲ್ಲಿ ಯಾರಾದರೂ ಬಿಚ್ಚಿ ನೋಡೋಣ ಅಂದರೆ ಬಿಡಬೇಡಿ.