ಅಪ್ಪ ತೀರಿಕೊಂಡ ದಿನವೂ ಅವರು ಸಾಹೇಬರ ಮಾತನ್ನೇ ಬರೆದರು

ಆಪ್ತಸಲಹೆಗೆಂದು ನನ್ನ ಕೋಣೆಗೆ ಬಂದು ಕೂತವರೇ ಎರಡು ಫೋನ್‌ಗಳನ್ನು ಮೇಜಿನ ಮೇಲೆ ಬೋರಲು ಹಾಕಿದರು. ಒಂದು ಅವರದು, ಇನ್ನೊಂದು 'ಆಫೀಸಿಂದು'. ನಾನು ನೀರು ಕೊಡುವಷ್ಟರಲ್ಲಿ ಎರಡನೆಯದು ಮೂರು ಸಲ ನಡುಗಿತು. ಅವರು ಎತ್ತಲಿಲ್ಲ. ಆದರೆ ಬಲಗೈ ಹೆಬ್ಬೆರಳು ತೊಡೆಯ ಮೇಲೆ ತಾನಾಗಿಯೇ ಆಡುತ್ತಿತ್ತು, ಟೈಪ್ ಮಾಡುವ ಹಾಗೆ.

ಅವರು ಒಬ್ಬ ಮಂತ್ರಿಯ ಮಾಧ್ಯಮ ಕಾರ್ಯದರ್ಶಿ. ವಯಸ್ಸು 46. ಅದಕ್ಕೂ ಮುಂಚೆ 14 ವರ್ಷ ಪತ್ರಿಕೆಯಲ್ಲಿದ್ದವರು. ಗುರುತು ಸಿಗಬಾರದೆಂದು ಊರು, ಇಲಾಖೆ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಇದನ್ನು ಅವರೂ ಅವರ ಹೆಂಡತಿಯೂ ಓದಿ ಒಪ್ಪಿದ್ದಾರೆ. ಇಂಥದೇ ಕೆಲಸದಲ್ಲಿರುವ ಇನ್ನೂ ನಾಲ್ಕು ಜನರಿಗೆ ಉಪಯೋಗ ಆಗಲಿ ಅಂತ ಅವರೇ ಹೇಳಿದ್ದು.

ಸಮಯ ಕೇಳಿ ಫೋನ್ ಮಾಡಿದ್ದು ಹೆಂಡತಿ. "ಮನೇಲೂ ಪ್ರೆಸ್ ನೋಟ್ ತರ ಮಾತಾಡ್ತಾರೆ ಮೇಡಂ. ಮಗಳ ಫೀಸ್ ಕಟ್ಟಿದ್ರಾ ಅಂದ್ರೆ, ಆ ಬಗ್ಗೆ ಪರಿಶೀಲಿಸ್ತೀವಿ ಅಂತಾರೆ. ಮೊದಮೊದಲು ತಮಾಷೆ ಅಂದ್ಕೊಂಡಿದ್ದೆ. ಈಗ ಭಯ ಆಗುತ್ತೆ" ಎಂದಿದ್ದರು.

ಗಂಡ ಹೇಳಿಕೊಂಡ ತೊಂದರೆ ಬೇರೆ. ನಾಲ್ಕು ತಿಂಗಳಿಂದ ಬರೆಯಲು ಕೂತರೆ ಕೈ ನಡುಗುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಹೇಳಿಕೆಗೆ ಎರಡು ಗಂಟೆ ಬೇಕು. ರಾತ್ರಿ ಮೂರು ಗಂಟೆ ನಿದ್ದೆ ಬಂದರೆ ಹೆಚ್ಚು. ಮಗಳ ಮೇಲೆ ಸುಮ್ಮಸುಮ್ಮನೆ ರೇಗುತ್ತಾರೆ.

ಹೊರಗಿನವರಿಗೆ ಈ ಕೆಲಸ ಅಂದರೆ ಟಿವಿಯಲ್ಲಿ ಸಾಹೇಬರ ಹಿಂದೆ ಕಾಣುವ ಮುಖ ಅಷ್ಟೇ. ಅವರ ಒಂದು ದಿನವನ್ನು ಗಂಟೆಗಂಟೆಗೆ ಹೇಳಿಸಿ ಬರೆದುಕೊಂಡೆ. ಬೆಳಗ್ಗೆ 5ಕ್ಕೆ ಅಷ್ಟೂ ಪೇಪರ್ ತಿರುವಿ ಹಾಕಬೇಕು. ಯಾವ ಜಿಲ್ಲೆಯ ಆವೃತ್ತಿಯಲ್ಲಿ ಏನು ಬಂದಿದೆ ಎಂದು 7ರೊಳಗೆ ಧ್ವನಿ ಸಂದೇಶ ಮಾಡಿ ಕಳಿಸಬೇಕು, ಸಾಹೇಬರು ವಾಕಿಂಗ್ ಮಾಡುತ್ತಾ ಕೇಳುತ್ತಾರೆ. ಆಮೇಲೆ ಮನೆ ಗೇಟಿನ ಮುಂದೆ ಟಿವಿಯವರಿಗೆ ಬೈಟ್, ಅಂದರೆ ಕ್ಯಾಮೆರಾ ಮುಂದೆ ನಾಲ್ಕು ಮಾತು. ಅಲ್ಲಿಂದ ವಿಕಾಸಸೌಧ. ಮಧ್ಯಾಹ್ನ ಸಭೆ ಮುಗಿಯುವ ಮುಂಚೆಯೇ ಸಭೆಯ ಪತ್ರಿಕಾ ಪ್ರಕಟಣೆ ರೆಡಿ ಇರಬೇಕು. ಒಬ್ಬರಿಗೆ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಬೇಕು, ಇನ್ನೊಬ್ಬರಿಗೆ ಯೂನಿಕೋಡ್‌ನಲ್ಲಿ. ಜಿಲ್ಲಾ ಪುಟಗಳು ಬೇಗ ಮುಚ್ಚುತ್ತವೆ, ಸಂಜೆ ತಡವಾದರೆ ಸುದ್ದಿ ಸತ್ತಂತೆ. ರಾತ್ರಿ ಚರ್ಚೆಗೆ ಯಾರನ್ನು ಕಳಿಸುವುದು ಎಂಬ ಹಗ್ಗಜಗ್ಗಾಟ. ನಡುವೆ ಜಯಂತಿಗಳು, ಪುಣ್ಯತಿಥಿಗಳು, ಹುಟ್ಟುಹಬ್ಬಗಳು. ಕನಕ ಜಯಂತಿಯ ಶುಭಾಶಯ ಎದುರು ಬಣದವರಿಗಿಂತ ಹತ್ತು ನಿಮಿಷ ತಡವಾದರೂ ಕೇಳುವವರಿದ್ದಾರೆ.

ಎಲ್ಲರಂತೆ ನಾನೂ ಮೊದಲು ಇದು ಕೆಲಸದ ಭಾರ ಅಂದುಕೊಂಡೆ. ಎರಡು ಭೇಟಿಗಳನ್ನು ನಿದ್ದೆ, ಫೋನು, ಊಟದ ಹೊತ್ತು ಅಂತಲೇ ಕಳೆದೆ. ಅದು ನನ್ನ ತಪ್ಪು. ನಿದ್ದೆ ಸ್ವಲ್ಪ ಸುಧಾರಿಸಿತು. ಕೈ ನಡುಕ ಹೋಗಲಿಲ್ಲ.

ಸುಳಿವು ಸಿಕ್ಕಿದ್ದು ಮೂರನೇ ಸಲ, ಅವರು ಚುನಾವಣೆಯ ದಿನಗಳ ಬಗ್ಗೆ ಹೇಳುತ್ತಿದ್ದಾಗ. ಮತದಾನ ಮುಗಿಯುವ ಮುಂಚಿನ 48 ಗಂಟೆ ಬಹಿರಂಗ ಪ್ರಚಾರ ಮಾಡುವಂತಿಲ್ಲ. 2023ರಲ್ಲಿ ಮೇ 10ಕ್ಕೆ ಮತದಾನ ಇತ್ತಲ್ಲ, 8ರ ಸಂಜೆಗೆ ಪ್ರಚಾರ ನಿಂತಿತು. "ಅವತ್ತೂ ಫೋನ್ ನಿಂತಿರಲಿಲ್ಲ ಮೇಡಂ. ಓಡಾಟವೂ ಇತ್ತು. ಬರೆಯೋದು ಮಾತ್ರ ನಿಂತಿತ್ತು. ಆ ರಾತ್ರಿ ಆರು ಗಂಟೆ ಮಲಗಿದೆ" ಎಂದರು. ಅಂದರೆ ಇವರನ್ನು ಸುಸ್ತು ಮಾಡುತ್ತಿದ್ದುದು ಓಟ ಅಲ್ಲ. ಬರವಣಿಗೆ. ಅದೂ 14 ವರ್ಷ ಬರೆದೇ ಅನ್ನ ತಿಂದವರಿಗೆ.

ಇತ್ತೀಚೆಗೆ ಬರೆದದ್ದರಲ್ಲಿ ನೆನಪಾದರೆ ಸಂಕಟ ಆಗುವಂಥದ್ದು ಯಾವುದು ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಎರಡು ಹೇಳಿದರು.

ಮೊದಲನೆಯದು ಒಂದು ನಿರಾಕರಣೆ. ಸಾಹೇಬರು ಕಾರ್ಯಕರ್ತರ ಸಭೆಯಲ್ಲಿ ಆಡಬಾರದ ಮಾತೊಂದನ್ನು ಆಡಿದ್ದರು. ಒಬ್ಬ ವರದಿಗಾರ್ತಿ ಬರೆದಳು. ಆಕೆ ಇವರ ಕೈಕೆಳಗೇ ಕೆಲಸ ಕಲಿತವಳು. "ನನ್ನ ಹೇಳಿಕೆಯನ್ನು ತಿರುಚಲಾಗಿದೆ" ಎಂದು ಇವರು ಸಾಹೇಬರ ಹೆಸರಲ್ಲಿ ಹೇಳಿಕೆ ಬಿಟ್ಟರು. ಆ ಮಾತು ಆಡಿದಾಗ ಇವರು ಅದೇ ವೇದಿಕೆಯ ಪಕ್ಕದಲ್ಲೇ ನಿಂತಿದ್ದರು. ಮೂರು ದಿನ ಆಕೆ ಆಫೀಸಿನಲ್ಲಿ ಬೈಸಿಕೊಂಡಳು. ಆಮೇಲೆ ಆಡಿಯೋ ಹೊರಬಂತು. ಆಕೆ ಇವರಿಗೆ ಫೋನ್ ಮಾಡಿದಳು, ಇವರು ಎತ್ತಲಿಲ್ಲ.

ಎರಡನೆಯದನ್ನು ಹೇಳುವಾಗ ಅವರ ದನಿ ಒಂದಿಷ್ಟೂ ಏರಿಳಿಯಲಿಲ್ಲ. ಅದಕ್ಕೇ ನಾನು ಎಚ್ಚರಾದೆ.

ಬೆಳಗಾವಿಯಲ್ಲಿ ಅಧಿವೇಶನ. ಸುವರ್ಣಸೌಧದ ಕೆಲಸ ಮುಗಿಸಿ ಮಲಗಿದ್ದರು. ರಾತ್ರಿ 2ಕ್ಕೆ ತಮ್ಮನ ಫೋನ್. ಅಪ್ಪ ಇನ್ನಿಲ್ಲ. ಕಾರು ಹತ್ತಿ ಮಲೆನಾಡಿನ ಕಡೆ ಹೊರಟರು. ಹಾವೇರಿ ದಾಟುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ಸಾಹೇಬರ ಪಿಎ ಫೋನ್ ಮಾಡಿ ಸಮಾಧಾನ ಹೇಳಿದರು. ಕೊನೆಗೆ, "ಅಣ್ಣಾ, ಸಾಹೇಬರ ಸಂತಾಪ ಹಾಕ್ಬೇಕಲ್ಲ, ನಂಗೆ ಬರೆಯೋಕೆ ಬರಲ್ಲ. ನೀವೇ ನಾಲ್ಕು ಸಾಲು ಕಳಿಸ್ಬಿಡಿ" ಎಂದರು.

ಇವರು ಬರೆದರು. ಕಾರಿನ ಹಿಂದಿನ ಸೀಟಿನಲ್ಲಿ ಕೂತು, ತಮ್ಮ ಅಪ್ಪ ಸತ್ತದ್ದಕ್ಕೆ ಇನ್ನೊಬ್ಬರಿಗೆ ಎಷ್ಟು ದುಃಖ ಆಗಿದೆ ಎಂದು ಬರೆದರು. 'ನಮ್ಮ ಮಾಧ್ಯಮ ಕಾರ್ಯದರ್ಶಿಗಳ ತಂದೆಯವರು ನಿಧನರಾದ ಸುದ್ದಿ ತಿಳಿದು ಅತೀವ ದುಃಖವಾಯಿತು. ಅವರ ಕುಟುಂಬಕ್ಕೆ ದುಃಖ ಭರಿಸುವ ಶಕ್ತಿಯನ್ನು ದೇವರು ಕರುಣಿಸಲಿ.' ಅಪ್ಪನ ಹೆಸರಿನ ಅಕ್ಷರ ಸರಿ ಇದೆಯಾ ಅಂತ ಎರಡು ಸಲ ನೋಡಿ ಕಳಿಸಿದರು. ಊರು ಮುಟ್ಟುವಷ್ಟರಲ್ಲಿ ಅದು ಎಲ್ಲ ಗ್ರೂಪ್‌ಗಳಲ್ಲಿ ಬಂದಿತ್ತು. ಕೆಳಗೆ ನೂರಾರು ಕೈಮುಗಿದ ಚಿತ್ರಗಳು. ಅದಕ್ಕೆಲ್ಲ ಇವರೇ ಧನ್ಯವಾದ ಹಾಕಿದರು.

"ಅತ್ತಿರಾ?" ಎಂದು ಕೇಳಿದೆ.

"ಇಲ್ಲ. ಮಾರನೇ ವರ್ಷದ ತಿಥಿಯೂ ಅಧಿವೇಶನದಲ್ಲೇ ಬಂತು. ಊಟ ಮುಗಿಸಿ ಮಧ್ಯಾಹ್ನವೇ ಹೊರಟೆ." ಸ್ವಲ್ಪ ತಡೆದು, "ಅಪ್ಪನ ಬಗ್ಗೆ ನಾನು ಬರೆದದ್ದು ಅಂದ್ರೆ ಅದೊಂದೇ ಮೇಡಂ. ಅದೂ ನನ್ನ ಹೆಸರಲ್ಲಿಲ್ಲ" ಎಂದರು.

ಅವತ್ತು ಸಾವಿನ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಇದನ್ನು ಕೇಳಲು ಹಿಂಜರಿಯಬಾರದು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. "ಏನಾದ್ರೂ ಮಾಡ್ಕೋಬೇಕು ಅಂತ ಇಲ್ಲ. ಬೆಳಗ್ಗೆ ಎಚ್ಚರ ಆಗದೇ ಇದ್ರೂ ಪರವಾಗಿಲ್ಲ ಅನ್ನಿಸುತ್ತೆ" ಎಂದರು. ಅದೇ ವಾರ ಮನೋವೈದ್ಯರ ಹತ್ತಿರ ಕಳಿಸಿದೆ. ಬಿಪಿ, ಶುಗರ್ ನೋಡಿಸಿದೆವು. ಬಿಪಿ ಜಾಸ್ತಿ ಇತ್ತು. ಔಷಧಿ ಶುರುವಾಯಿತು. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಹಾಕಿಸಿದೆ. ಅದು ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆಪ್ತಸಲಹೆ ಔಷಧಿಗೆ ಬದಲಿ ಅಲ್ಲ, ಎರಡೂ ಜೊತೆಗೇ ನಡೆಯಬೇಕು.

ಆಮೇಲೆ ಕೊಟ್ಟ ಸಲಹೆಗಳು ಬಹುಪಾಲು ಸಣ್ಣ ಕೆಲಸಗಳೇ.

ಹಿಂದಿನ ಒಂದು ತಿಂಗಳಲ್ಲಿ ರಾತ್ರಿ 11ರ ನಂತರ ಬಂದ ಕರೆಗಳನ್ನು ಕಾಗದದ ಮೇಲೆ ಪಟ್ಟಿ ಮಾಡಲು ಹೇಳಿದೆ. 41 ಇದ್ದವು. ಬೆಳಗ್ಗೆ 6ರ ತನಕ ಕಾಯಲು ಆಗದೇ ಇದ್ದದ್ದು ಯಾವುದು ಅಂತ ಅವರೇ ಗುರುತು ಹಾಕಿದರು. ಮೂರು. ಕಚೇರಿಯಲ್ಲಿ ಒಬ್ಬ ಚುರುಕು ಹುಡುಗ ಇದ್ದ. ದಿನ ಬಿಟ್ಟು ದಿನ ರಾತ್ರಿಯ ಫೋನ್ ಅವನ ಹತ್ತಿರ ಇರಲಿ, ನಿಜವಾಗಿ ತುರ್ತು ಅನ್ನಿಸಿದರೆ ಅವನು ಮನೆಯ ನಂಬರಿಗೆ ಮಾಡಲಿ ಎಂದೆ. 'ನಾನಿಲ್ಲದಿದ್ರೆ ಆಗಲ್ಲ' ಎಂಬ ಮಾತು ಅವರ ಬಾಯಿಂದ ನಾಲ್ಕು ಸಲ ಬಂತು. ಒಂದು ವಾರ ಮಾಡಿ ನೋಡೋಣ ಎಂದೆ. ಆಯಿತು. ಏನೂ ಮುಳುಗಲಿಲ್ಲ.

ಸುಳ್ಳಿನ ವಿಷಯಕ್ಕೆ ಹೆಚ್ಚು ಹೊತ್ತು ಬೇಕಾಯಿತು. 'ಈ ಫೀಲ್ಡಲ್ಲಿ ಇದೆಲ್ಲ ಇದ್ದದ್ದೇ' ಎಂದು ಅವರು ತಳ್ಳಿಹಾಕಲು ನೋಡಿದರು. ನಾನು ಒಪ್ಪಲಿಲ್ಲ. ಹೇಳದೇ ಇರುವುದು ಬೇರೆ, ಗೊತ್ತಿದ್ದೂ ಸುಳ್ಳು ಬರೆಯುವುದು ಬೇರೆ. ಮೊದಲನೆಯದು ಅವರ ವೃತ್ತಿಯಲ್ಲಿ ನ್ಯಾಯವಾಗಿಯೇ ಇದೆ. 'ಪ್ರತಿಕ್ರಿಯೆ ಇಲ್ಲ' ಎನ್ನಬಹುದು, 'ವಿವರ ತರಿಸಿಕೊಂಡು ಹೇಳುತ್ತೇವೆ' ಎನ್ನಬಹುದು. ಎರಡನೆಯದನ್ನು ಬರೆದಾಗಲೇ ಕೈ ನಡುಗುತ್ತಿದ್ದುದು. ಅವರ ಕೈಗೆ ಅವರಿಗಿಂತ ಮುಂಚೆ ಗೊತ್ತಾಗಿತ್ತು ಅಂತ ನನಗನ್ನಿಸುತ್ತದೆ.

ಈ ಗೆರೆಯನ್ನು ಸಾಹೇಬರಿಗೆ ಹೇಳುವುದು ಹೇಗೆ? ರಂಪ ಆದ ರಾತ್ರಿ ಅಲ್ಲ. ಶಾಂತವಾಗಿರುವ ದಿನ, ಕಾರಿನಲ್ಲಿ ಇಬ್ಬರೇ ಇರುವಾಗ. ಧರ್ಮದ ಮಾತಾಗಿ ಹೇಳುವುದು ಬೇಡ, ಅವರ ಹಿತದ ಮಾತಾಗಿ ಹೇಳಿ ಎಂದೆ. ನನ್ನ ಕೋಣೆಯಲ್ಲೇ ಮೂರು ಸಲ ಹೇಳಿ ನೋಡಿದರು. ಕೊನೆಗೆ ನಿಂತದ್ದು ಇಷ್ಟು: "ಸರ್, ಈಗ ಎಲ್ಲರ ಕೈಲೂ ರೆಕಾರ್ಡಿಂಗ್ ಇರುತ್ತೆ. ಇಲ್ಲ ಅಂತ ಬರೆದು ನಾಳೆ ಆಡಿಯೋ ಬಂದ್ರೆ ನಿಮ್ಮ ಮರ್ಯಾದೆ ಹೋಗುತ್ತೆ. ಅಂಥದ್ದು ಬಂದಾಗ ನಾನು ಸುಮ್ನಿರೋಣ ಅಂತ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ." ಸಾಹೇಬರು ಕಿಟಕಿ ಕಡೆ ನೋಡಿ "ಆಯ್ತು, ನೋಡೋಣ" ಎಂದರಂತೆ. ಅಷ್ಟೇ. ಆಮೇಲೆ ಒಂದು ಸಲ ಒತ್ತಾಯ ಬಂದಾಗ ಬೇರೆ ಯಾರೋ ಬರೆದುಕೊಟ್ಟರು. ಇವರ ಕೆಲಸವೇನೂ ಹೋಗಲಿಲ್ಲ.

ಆ ವರದಿಗಾರ್ತಿಗೆ ಸಂದೇಶ ಕಳಿಸುತ್ತೇನೆ ಎಂದು ಕರಡು ತಂದಿದ್ದರು. 'ವಿಷಾದ ವ್ಯಕ್ತಪಡಿಸುತ್ತೇನೆ' ಎಂದಿತ್ತು. ಇದನ್ನು ಯಾರು ಬರೆದದ್ದು ಎಂದು ಕೇಳಿದೆ. ಅವರಿಗೆ ಅರ್ಥವಾಯಿತು. ಮುಖಾಮುಖಿ ಹೋಗಿ 'ತಪ್ಪಾಯ್ತಮ್ಮ' ಎಂದು ಬಂದರು. ಆಕೆ ಟೀ ಕುಡಿದಳು, ಜಾಸ್ತಿ ಮಾತಾಡಲಿಲ್ಲ. ಕ್ಷಮಿಸುವುದು ಬಿಡುವುದು ಆಕೆಗೆ ಸೇರಿದ್ದು.

ನಡುವೆ ಒಂದು ದಿನ ರಾಜೀನಾಮೆ ಪತ್ರ ಜೇಬಿನಲ್ಲಿಟ್ಟುಕೊಂಡೇ ಬಂದರು. ನಾಳೆಯಿಂದ ಸ್ವಂತವಾಗಿ ಸಂವಹನ ಸಲಹೆಗಾರನಾಗುತ್ತೇನೆ ಎಂದರು. ಬೇಡ ಅನ್ನಲಿಲ್ಲ, ಇವತ್ತು ಬೇಡ ಅಂದೆ. ನಿದ್ದೆಗೆಟ್ಟ ಮನಸ್ಸಿನಲ್ಲಿ ಇಷ್ಟು ದೊಡ್ಡ ನಿರ್ಧಾರ ಮಾಡಬಾರದು. ಆದರೆ ಅವರ ಭಯ ಸುಳ್ಳಲ್ಲ. ಮಂತ್ರಿ ಇರುವ ತನಕ ಮಾತ್ರ ಅವರ ನೇಮಕ. 2018ರ ಚುನಾವಣೆಯಿಂದ 2023ರ ಚುನಾವಣೆ ತನಕ ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿಯ ಪ್ರಮಾಣವಚನ 4 ಸಲ ಆಯಿತು. ಪ್ರತಿ ಸಲವೂ ಎಷ್ಟೋ ಕೋಣೆಗಳ ನಾಮಫಲಕ ಇಳಿಯಿತು. ಒಳಗೆ ಕೂತಿದ್ದ ಇಂಥವರು ಡಬ್ಬಿಯಲ್ಲಿ ಪುಸ್ತಕ ತುಂಬಿಕೊಂಡು ಮನೆಗೆ ಹೋದರು. ಅವರ ಬಗ್ಗೆ ಯಾರೂ ಸುದ್ದಿ ಬರೆಯುವುದಿಲ್ಲ.

ಹಾಗಾಗಿ ಆರು ತಿಂಗಳ ಮನೆ ಖರ್ಚು ಮತ್ತು ಸಾಲದ ಕಂತು ಕೂಡಿಡುವ ತನಕ ಪತ್ರ ಬೀರುವಿನಲ್ಲಿರಲಿ ಎಂದು ಒಪ್ಪಂದ ಮಾಡಿಕೊಂಡೆವು. ಲೆಕ್ಕಪರಿಶೋಧಕರನ್ನು ನೋಡಲು ಕಳಿಸಿದೆ. ಸಲಹೆಗಾರರಿಗೆ ಸಾಮಾನ್ಯವಾಗಿ 10% ಟಿಡಿಎಸ್, ಅಂದರೆ ಆದಾಯ ತೆರಿಗೆ, ಮೊದಲೇ ಹಿಡಿದು ಹಣ ಬರುತ್ತದೆ, ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದೆಲ್ಲ ಅವರಿಗೆ ಹೊಸದು. ನನ್ನ ಕಡೆಯಿಂದ ಹೇಳಿದ್ದು ಇಷ್ಟೇ. ಏನು ಕೆಲಸ, ಎಷ್ಟು ದಿನ, ಎಷ್ಟು ಹಣ ಎಂದು ಮೊದಲೇ ಬರೆಸಿಕೊಳ್ಳಿ. ಚುನಾವಣೆ ಕೆಲಸಕ್ಕೆ ಅರ್ಧ ಹಣ ಮುಂಗಡ ತೆಗೆದುಕೊಳ್ಳಿ, ಸೋತವರ ಮನೆ ಬಾಗಿಲಲ್ಲಿ ಬಾಕಿಗೆ ನಿಲ್ಲುವುದು ಕಷ್ಟ. ಹಳೇ ಸಾಹೇಬರ ಗುಟ್ಟು ಮಾರಿ ಹೊಸ ಗಿರಾಕಿ ಹಿಡಿಯಬೇಡಿ.

ಆ ಕೊನೆಯ ಮಾತಿಗೆ ಅವರು ಎಚ್.ವೈ. ಶಾರದಾ ಪ್ರಸಾದರನ್ನು ನೆನೆದರು. ಪತ್ರಿಕೋದ್ಯಮ ಓದುವಾಗಿನಿಂದ ಅವರೆಂದರೆ ಇವರಿಗೆ ಗೌರವ. ಮೈಸೂರಿನಲ್ಲಿ ಓದುತ್ತಿದ್ದಾಗ 1942ರ ಚಳವಳಿಗೆ ಜೈಲು ಸೇರಿದವರು. ಆಮೇಲೆ ದೆಹಲಿಯಲ್ಲಿ ವರ್ಷಗಟ್ಟಲೆ ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರು. ಪ್ರಧಾನಿಯ ಮಾತು ಬರೆಯುತ್ತಿದ್ದ ಅದೇ ಮನುಷ್ಯ ಶಿವರಾಮ ಕಾರಂತರ ಆತ್ಮಕಥೆಯನ್ನು ಇಂಗ್ಲಿಷಿಗೂ ತಂದರು, ತಮ್ಮದೇ ಹೆಸರಲ್ಲಿ ಪ್ರಬಂಧಗಳನ್ನೂ ಬರೆದರು. "ಅವರಿಗೆ ಸ್ವಂತದ್ದು ಅಂತ ಒಂದು ಬರವಣಿಗೆ ಇತ್ತು ಮೇಡಂ" ಎಂದರು. ನಿಮಗೂ ಇರಲಿ ಎಂದೆ. ವಾರಕ್ಕೆ ಒಂದು ಪುಟ, ಪೆನ್ನಿನಲ್ಲಿ, ಯಾರಿಗೂ ಕಳಿಸದೆ. ವಿಷಯ ಅಪ್ಪ.

ಮೊದಲ ಎರಡು ವಾರ ಏನೂ ಬರಲಿಲ್ಲ. ಮೂರನೇ ವಾರದ ಪುಟ 'ನಮ್ಮ ತಂದೆಯವರು ನಿಧನರಾಗಿ' ಎಂದು ಶುರುವಾಗಿತ್ತು. ಅದನ್ನು ಹೊಡೆದುಹಾಕಿ ಕೆಳಗೆ 'ಅಪ್ಪ ಹೋದಾಗ ನಾನು ಊರಲ್ಲಿರಲಿಲ್ಲ' ಎಂದು ಬರೆದಿದ್ದರು. ಅಪ್ಪ ಸಂಜೆ ಅಡಿಕೆ ಸುಲಿಯುತ್ತಾ ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳುತ್ತಿದ್ದುದು, ಆಗ ಯಾರೂ ಮಾತಾಡುವ ಹಾಗಿರಲಿಲ್ಲ ಎಂಬುದು, ಮಗನ ಹೆಸರು ಮೊದಲ ಸಲ ಪೇಪರಿನಲ್ಲಿ ಬಂದಾಗ ಅದನ್ನು ಕತ್ತರಿಸಿ ಪಂಚಾಂಗದೊಳಗೆ ಇಟ್ಟದ್ದು. ಪಂಚಾಂಗದ ಸಾಲು ಓದುವಾಗ ನಿಲ್ಲಿಸಿದರು. ಕನ್ನಡಕ ತೆಗೆದರು. ನಾನು ಏನೂ ಹೇಳಲಿಲ್ಲ. ಇಪ್ಪತ್ತು ನಿಮಿಷ ಹಾಗೇ ಕಳೆಯಿತು. ಫೋನ್‌ಗಳು ಅವತ್ತು ಹೊರಗೆ ಹೆಂಡತಿಯ ಕೈಯಲ್ಲಿದ್ದವು.

ಇಂಥವರ ಮನೆಯವರಿಗೆ ಒಂದು ಮಾತು. ಅವರು ಅಧಿಕಾರಿಯ ತರ ಉತ್ತರ ಕೊಟ್ಟಾಗ ಜಗಳಕ್ಕೆ ಹೋಗಬೇಡಿ, ಸುಮ್ಮನೂ ಆಗಬೇಡಿ. 'ಇದು ನೀವು ಹೇಳ್ತಿರೋದಾ, ಆಫೀಸ್ ಹೇಳ್ತಿರೋದಾ?' ಎಂದು ಮೆಲ್ಲಗೆ ಕೇಳಿ. ಇವರ ಮನೆಯಲ್ಲಿ ಮಗಳು ಈಗ ಹಾಗೆ ಕೇಳುತ್ತಾಳೆ.

ಅವರು ಇನ್ನೂ ಅದೇ ಕೆಲಸದಲ್ಲಿದ್ದಾರೆ. ಔಷಧಿ ನಡೆಯುತ್ತಿದೆ, ಕೈ ನಡುಕ ಕಡಿಮೆಯಾಗಿದೆ, ಉಳಿತಾಯ ನಾಲ್ಕು ತಿಂಗಳ ಖರ್ಚಿನಷ್ಟಾಗಿದೆ. ಅಕ್ಟೋಬರ್‌ನಲ್ಲಿ ಬಂದಾಗ, ಈ ಸಲದ ತಿಥಿಗೆ ಮೂರು ದಿನ ಮುಂಚೆಯೇ ಊರಿಗೆ ಹೋಗುತ್ತೇನೆ ಎಂದರು. ಬೆಳಗಾವಿ ಅಧಿವೇಶನದ ತಾರೀಖು ಇನ್ನೂ ಗೊತ್ತಾಗಿರಲಿಲ್ಲ. ರಜೆ ಚೀಟಿ ಆಗಲೇ ಕೊಟ್ಟಿದ್ದರು.