ಸಿಯೋಲ್‌ನಿಂದ ಇಮ್ಜಿಂಗಾಕ್ ಪಾರ್ಕ್‌ಗೆ ಒಂದೇ ದಿನದಲ್ಲಿ ಹೋಗಿ ಬರಬಹುದಾ? ಪಾಸ್‌ಪೋರ್ಟ್ ಬೇಕಾ?

ಖಂಡಿತ ಬರಬಹುದು. ಪಾಜು ನಗರದ ಇಮ್ಜಿಂಗಾಕ್ ಸಿಯೋಲ್‌ನಿಂದ ಸುಮಾರು 50 ಕಿ.ಮೀ. ದೂರ. ಉತ್ತರ ಕೊರಿಯಾದ ಗಡಿರೇಖೆ ಅಲ್ಲಿಂದ ಬರೀ 7 ಕಿ.ಮೀ. ಪಾರ್ಕ್ ಒಳಗೆ ಓಡಾಡಲು ಪಾಸ್‌ಪೋರ್ಟ್ ಬೇಕಿಲ್ಲ. ಆದರೆ ಅಲ್ಲಿಂದ ಮುಂದೆ ಮೂರನೇ ಸುರಂಗ (ಉತ್ತರ ಕೊರಿಯಾ ಗಡಿಯ ಕೆಳಗೆ ಗುಟ್ಟಾಗಿ ತೋಡಿದ್ದು), ಉತ್ತರ ಕೊರಿಯಾ ಕಾಣುವ ಡೋರಾ ವೀಕ್ಷಣಾಲಯಕ್ಕೆ ಹೋಗುವುದಾದರೆ ಬೇಕೇ ಬೇಕು. ಆ ಜಾಗಗಳಿಗೆ ಟೂರ್ ಬಸ್ಸಿನಲ್ಲೇ ಹೋಗಬೇಕು, ಸುಮ್ನೆ ನಾವೇ ನಡೆದು ಹೋಗುವ ಹಾಗಿಲ್ಲ. ಸೋಮವಾರ ಸಾಮಾನ್ಯವಾಗಿ ಟೂರ್ ಇರುವುದಿಲ್ಲ, ನೋಡಿಕೊಂಡು ಹೊರಡಿ.

ಎಷ್ಟೋ ಜನ ಟೂರ್ ಬಸ್ಸಿನ ಅವಸರದಲ್ಲಿ ಪಾರ್ಕನ್ನೇ ಸರಿಯಾಗಿ ನೋಡುವುದಿಲ್ಲ. ಹಾಗೆ ಮಾಡಬೇಡಿ. ಅಲ್ಲಿ ತುಕ್ಕು ಹಿಡಿದ ಒಂದು ಉಗಿ ರೈಲು ಇಂಜಿನ್ ಇದೆ. ಕೊರಿಯಾ ಯುದ್ಧದ ವೇಳೆ, 1950ರ ಕೊನೆಯ ದಿನ ಜಾಂಗ್ಡಾನ್ ಸ್ಟೇಷನ್ನಿನಲ್ಲಿ ನಿಂತಿದ್ದು, 50 ವರ್ಷಕ್ಕೂ ಜಾಸ್ತಿ ಗಡಿ ನಡುವಿನ ನಿರ್ಜನ ಪಟ್ಟಿಯಲ್ಲೇ ಬಿದ್ದಿತ್ತು. ಮೈಮೇಲೆ ಸಾವಿರಕ್ಕೂ ಹೆಚ್ಚು ಗುಂಡಿನ ತೂತು. ಅದರ ಮೇಲೆ ತಾನಾಗಿ ಬೆಳೆದಿದ್ದ ಹಿಪ್ಪುನೇರಳೆ ಗಿಡವನ್ನೂ ಪಾರ್ಕಿನಲ್ಲಿ ನೆಟ್ಟಿದ್ದಾರೆ.

ಪಕ್ಕದಲ್ಲೇ 1953ರಲ್ಲಿ ಯುದ್ಧಕೈದಿಗಳು ದಾಟಿ ಬಂದ ಸ್ವಾತಂತ್ರ್ಯ ಸೇತುವೆ. ಅದರ ತುದಿಯ ಬೇಲಿಗೆ ಜನ ಬಣ್ಣಬಣ್ಣದ ರಿಬ್ಬನ್ ಕಟ್ಟಿದ್ದಾರೆ, ಒಂದೊಂದರ ಮೇಲೂ ಬರಹ.

ನನಗೆ ಎಲ್ಲಕ್ಕಿಂತ ಮನಸ್ಸಿಗೆ ತಟ್ಟುವುದು ಮಾಂಗ್ಬೇದಾನ್ ಎಂಬ ಕಲ್ಲಿನ ಜಗಲಿ. ಉತ್ತರದಲ್ಲಿ ಊರು ಬಿಟ್ಟು ಬಂದವರಿಗೆ ಹಿರಿಯರ ಸಮಾಧಿಗೆ ಹೋಗುವ ದಾರಿಯೇ ಇಲ್ಲ ಅಲ್ವಾ? ಅದಕ್ಕೇ ಚಾಂದ್ರಮಾನ ಹೊಸ ವರ್ಷಕ್ಕೆ, ಚುಸೋಕ್ ಎಂಬ ಸುಗ್ಗಿ ಹಬ್ಬಕ್ಕೆ ಇಲ್ಲಿ ಬಂದು ಎಡೆ ಇಟ್ಟು, ಉತ್ತರಕ್ಕೆ ತಿರುಗಿ ಅಡ್ಡಬೀಳುತ್ತಾರೆ. ಆ ದಿನ ಹೋದರೆ ಸ್ವಲ್ಪ ದೂರ ನಿಲ್ಲಿ, ಅವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ.